ಹನ್ನೊಂದು ಗಿಟಾರ್‌ನಿಂದ ಎರಡಕ್ಕೆ: ಬಳ್ಳಾರಿಯ ಮಾಳಿಗೆ ರೂಮಿನಲ್ಲಿ ಒಂದು ಹಾಡು ಕಟ್ಟಿದ ಲೆಕ್ಕ

ಏಳು ವರ್ಷ ಬ್ಯಾಂಡಿನಲ್ಲಿ ಲೀಡ್ ಗಿಟಾರ್ ನುಡಿಸಿದೆ. ಕಾಲೇಜ್ ಡೇ, ಗಣೇಶನ ಪೆಂಡಾಲು, ಮದುವೆ ರಿಸೆಪ್ಷನ್, ಕರೆದ ಕಡೆಯೆಲ್ಲ ಹೋಗಿದ್ದೇವೆ. ಆಮೇಲೆ ಡ್ರಮ್ಮರ್ ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸಕ್ಕೆ ಸೇರಿಕೊಂಡ. ಹಾಡುವವನೂ ಬೇಸ್ ನುಡಿಸುವವನೂ ಬೆಂಗಳೂರಿಗೆ ಹೋದರು. ಜಗಳ ಏನೂ ಇಲ್ಲ, ಹೊಟ್ಟೆಪಾಡು. ಉಳಿದದ್ದು ನಾನು, ಒಂದು ಗಿಟಾರ್, ಅದರ ದನಿ ಹಿಗ್ಗಿಸುವ ಎರಡು ಆಂಪ್.

ಬ್ಯಾಂಡಿನಲ್ಲಿದ್ದಾಗ ನನ್ನ ಕೆಲಸ ಒಂದೇ, ನನ್ನ ಪಾಲು ಚೆನ್ನಾಗಿ ನುಡಿಸೋದು. ಮಾತು ಯಾರು ಬರೀತಾರೆ, ತಾಳ ಹೇಗಿರಬೇಕು, ಯಾರು ಎಲ್ಲಿ ಸುಮ್ಮನಿರಬೇಕು ಅನ್ನೋದನ್ನೆಲ್ಲ ಬೇರೆಯವರು ನೋಡಿಕೊಳ್ಳುತ್ತಿದ್ದರು. ಕಳೆದ ನವೆಂಬರ್‌ನಲ್ಲಿ, ಒಂದೇ ಒಂದು ಹಾಡನ್ನಾದರೂ ಮೊದಲಿನಿಂದ ಕೊನೆಯವರೆಗೆ ನಾನೇ ಬರೆದು, ರೆಕಾರ್ಡ್ ಮಾಡಿ, ಮುಗಿಸಬೇಕು ಅಂತ ಕೂತೆ. ಹಗಲು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಹಾಗಾಗಿ ಇದನ್ನೂ ಲೆಕ್ಕದ ಪುಸ್ತಕದಲ್ಲೇ ದಿನಾಂಕ ಹಾಕಿ ಬರೆದಿಟ್ಟಿದ್ದೆ. ಅದರಿಂದ ಎತ್ತಿ ಬರೆಯುತ್ತಿದ್ದೇನೆ.

ಹಾಡು ಅಪ್ಪನ ಲಾರಿಯದ್ದು. ಅಪ್ಪ ಸಂಡೂರು ಕಡೆಯಿಂದ ಅದಿರು ಹೊಡೆಯುತ್ತಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತು. ಮಾಲೀಕರು ಲಾರಿಯನ್ನು ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ತಂದು ನಿಲ್ಲಿಸಿದರು. ಅದು ಬಹಳ ದಿನ ಅಲ್ಲೇ ನಿಂತಿತ್ತು. ಚಕ್ರದ ಸುತ್ತ ಹುಲ್ಲು ಬೆಳೆದದ್ದನ್ನು ನಾನು ದಿನಾ ನೋಡುತ್ತಿದ್ದೆ.

1. ಮಾರಿದ್ದು, ಕೊಂಡದ್ದು (ನವೆಂಬರ್ 4)

ಸ್ಟೇಜಿಗೆ ಒಯ್ಯುತ್ತಿದ್ದ 50 ವ್ಯಾಟ್ ಆಂಪ್ ಮಾರಿದೆ. 11,500 ಬಂತು. 15 ವ್ಯಾಟಿನ ಸಣ್ಣದು ಇಟ್ಟುಕೊಂಡೆ. ಜೋರು ಸದ್ದು ತಡೆಯುವ ಡೈನಾಮಿಕ್ ಮೈಕ್ ಒಂದು ಬ್ಯಾಂಡಿನ ಕಾಲದ್ದೇ ಇತ್ತು. ಬೇಸ್ ಗಿಟಾರನ್ನು ಗೆಳೆಯ ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದ.

ಕೊಂಡದ್ದು: ಮೈಕು, ಗಿಟಾರನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್, ಸೆಕೆಂಡ್ ಹ್ಯಾಂಡ್, 6,500. ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ 5,200. ಹೆಡ್‌ಫೋನ್ 4,600. ಲ್ಯಾಪ್‌ಟಾಪಿನ ಮೆಮೊರಿ ಹೆಚ್ಚಿಸಿದ್ದಕ್ಕೆ 2,400. ರೆಕಾರ್ಡ್ ಮಾಡುವ ರೀಪರ್ ಸಾಫ್ಟ್‌ವೇರ್ 60 ದಿನ ಪುಕ್ಕಟೆ ಬಳಸಿ ನೋಡಿದೆ, ಆಮೇಲೆ 60 ಡಾಲರ್‌ನ ಲೈಸೆನ್ಸ್ ತೆಗೆದುಕೊಂಡೆ. ತೆರಿಗೆ ಎಲ್ಲ ಸೇರಿ 5,300. ಒಟ್ಟು 24,000.

2. ರೂಮು (ನವೆಂಬರ್ 9ರಿಂದ 30)

ಮಾಳಿಗೆ ಮೇಲಿನ ರೂಮು. 12 ಅಡಿ ಉದ್ದ, 10 ಅಡಿ ಅಗಲ, ಎತ್ತರ ಒಂಬತ್ತೂವರೆ. ನಾಲ್ಕೂ ಗೋಡೆ ಸಿಮೆಂಟ್. ಒಂದು ಚಪ್ಪಾಳೆ ಹೊಡೆದರೆ ತಗಡಿಗೆ ಕಲ್ಲು ಬಿದ್ದಂತೆ ಝಣ್ ಅನ್ನುತ್ತಿತ್ತು.

ಮೊದಲ ತಪ್ಪು ಮೊಟ್ಟೆ ಟ್ರೇ. ಅದು ಸದ್ದು ತಡೆಯುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ 120 ಟ್ರೇ ತಂದು ಎರಡು ಗೋಡೆಗೆ ಅಂಟಿಸಿದೆ. ಟ್ರೇಗೆ 360, ಗೋಂದಿಗೆ 240. ಚಪ್ಪಾಳೆಯ ಚೂಪು ಒಂದಿಷ್ಟು ಕಡಿಮೆಯಾಯಿತು, ಅಷ್ಟೇ. ಗಿಟಾರಿನ ದಪ್ಪ ದನಿ ಹಾಗೇ ಗುಯ್ಗುಡುತ್ತಿತ್ತು. ಓಣಿಯ ಗಾಡಿ ಸದ್ದು ಮೊದಲಿನಷ್ಟೇ ಒಳಗೆ ಬರುತ್ತಿತ್ತು. ತೆಳ್ಳನೆ ರಟ್ಟು ಏನು ತಾನೇ ತಡೆದೀತು? ಒಂದು ವಾರಕ್ಕೆ ಎಲ್ಲ ಕಿತ್ತೆ. ಸುಣ್ಣವೂ ಜೊತೆಗೆ ಕಿತ್ತು ಬಂತು.

ಆಮೇಲೆ ಕಣ್ಣಿಗೆ ಬಿದ್ದದ್ದು ನಮ್ಮ ಯೂನಿಟ್‌ನ ಕಟಿಂಗ್ ಚೂರು. ಬಳ್ಳಾರಿಯಲ್ಲಿ ಜೀನ್ಸ್ ಚೂರಿಗೆ ಬರವೇ? ಕಿಲೋಗೆ 10 ರೂಪಾಯಿಯಂತೆ 35 ಕಿಲೋ ತಂದೆ. ಬಡಗಿಯ ಹತ್ತಿರ 4 ಅಡಿ ಉದ್ದ, 2 ಅಡಿ ಅಗಲ, 4 ಇಂಚು ಆಳದ ಎಂಟು ಚೌಕಟ್ಟು ಮಾಡಿಸಿದೆ. ಹಿಂದೆ ಮುಂದೆ ಮಾಂಜರಪಾಟು ಬಟ್ಟೆ ಹೊಡೆದು ನಡುವೆ ಚೂರು ತುಂಬಿದೆ. ಒಂದಕ್ಕೆ ನಾಲ್ಕು ಕಿಲೋ ಹತ್ತಿರ ಹಿಡಿಯಿತು. ಮರ 96 ಅಡಿಗೆ 2,688, ಬಟ್ಟೆ 14 ಮೀಟರ್‌ಗೆ 980, ಬಡಗಿಗೆ ಒಂದು ದಿನದ ಕೂಲಿ 900. ಚೂರಿನ 350 ಸೇರಿಸಿ 4,918.

ಇಲ್ಲೂ ಒಂದು ತಪ್ಪಾಯಿತು. ಮೊದಲ ಎರಡು ಚೌಕಟ್ಟಿಗೆ ಚೂರನ್ನು ಸುಮ್ಮನೆ ಸುರಿದು ತುಂಬಿದ್ದೆ. ಹತ್ತು ದಿನದಲ್ಲಿ ಎಲ್ಲ ಕೆಳಗೆ ಕುಸಿದು ಮೇಲಿನ ಅರ್ಧ ಖಾಲಿಯಾಯಿತು. ಅಮ್ಮ ನೋಡಿ, "ಕೌದಿ ಹೊಲಿಯೋ ಹಂಗೆ ಅಲ್ಲಲ್ಲಿ ದಾರ ಹಾಕೋ" ಅಂದರು. ಗೋಣಿಚೀಲ ಹೊಲಿಯೋ ದಬ್ಬಣ ಹಿಡಿದು, ಒಂದು ಅಡಿಗೊಂದರಂತೆ ಆಚೆಯಿಂದ ಈಚೆಗೆ ದಾರ ಎಳೆದು ಗಂಟು ಹಾಕಿದೆವು. ಇವತ್ತಿಗೂ ಕುಸಿದಿಲ್ಲ. ಬಾಗಿಲಿಗೆ ಅಮ್ಮನ ಎರಡು ಹಳೇ ಕೌದಿ ಒಂದರ ಮೇಲೊಂದು ಇಳಿಬಿಟ್ಟೆ. ಈಗ ಚಪ್ಪಾಳೆ ಹೊಡೆದರೆ ಬರೀ ಚಪ್ಪಾಳೆ ಕೇಳುತ್ತದೆ.

3. ಕರೆಂಟು (ಡಿಸೆಂಬರ್ 7ರಿಂದ 15)

ಗಿಟಾರ್ ಹಚ್ಚಿದರೆ ಗುಂಯ್ ಅನ್ನುವ ಸದ್ದು. ತಂತಿ ಮುಟ್ಟಿದರೆ ಕಡಿಮೆ, ಬಿಟ್ಟರೆ ಜಾಸ್ತಿ. ನಾನು ಗಿಟಾರ್ ಬಿಚ್ಚಿ, ಜ್ಯಾಕ್ ಮತ್ತೆ ಬೆಸುಗೆ ಹಾಕಿ, ಒಳಗೆಲ್ಲ ತಾಮ್ರದ ಟೇಪ್ ಅಂಟಿಸಿ ನಾಲ್ಕು ಸಂಜೆ ಕಳೆದೆ. ಸ್ವಲ್ಪ ಇಳಿಯಿತು, ಹೋಗಲಿಲ್ಲ. ಒಂದು ದಿನ ತಂತಿ ಹಿಡಿದುಕೊಂಡೇ ಮೈಕಿನ ಹತ್ತಿರ ಬಾಯಿ ಒಯ್ದೆ. ತುಟಿಗೆ ಜುಮ್ ಅಂತ ಹೊಡೆಯಿತು. ಆಗಲೇ ಗೊತ್ತಾಗಿದ್ದು ಕಾಯಿಲೆ ಗಿಟಾರಿನದ್ದಲ್ಲ, ಮನೆಯದ್ದು ಅಂತ.

ಎಲೆಕ್ಟ್ರಿಷಿಯನ್ ಬಂದು ಮೀಟರ್ ಇಟ್ಟರು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 19 ವೋಲ್ಟ್. ಮಾಳಿಗೆ ರೂಮಿನ ಅರ್ಥ್ ವೈರು ಗೋಡೆಯೊಳಗೇ ತುಂಡಾಗಿತ್ತು. ಹಿತ್ತಲಲ್ಲಿ ಹೊಸ ಗುಂಡಿ ತೋಡಿ, ರಾಡ್ ಇಳಿಸಿ, ಉಪ್ಪು ಇದ್ದಿಲು ತುಂಬಿ, ಹೊಸ ವೈರು ಮೇಲೆ ಎಳೆದರು. 4,200 ಆಯಿತು. ಈಗ 2 ವೋಲ್ಟ್ ಒಳಗಿದೆ. ಇಷ್ಟಾದ ಮೇಲೂ ಕರೆಂಟ್ ಹೋಗಿ ಇನ್ವರ್ಟರ್ ಹತ್ತಿದರೆ ಝರ್ ಅನ್ನುತ್ತದೆ. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್. ಅದನ್ನು ಬದಲಿಸಲು ದುಡ್ಡಿರಲಿಲ್ಲ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ದನಿ ಮಾತ್ರ ರೆಕಾರ್ಡ್ ಮಾಡೋದು, ಗಿಟಾರ್ ಮುಟ್ಟೋದಿಲ್ಲ ಅಂತ ನಿಯಮ ಮಾಡಿಕೊಂಡೆ.

ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಒಂದೇ ಮಾತು: ಮೈಕು, ಗಿಟಾರು ಕೊಳ್ಳುವ ಮುಂಚೆ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಇದು ಸದ್ದಿನ ಪ್ರಶ್ನೆ ಮಾತ್ರ ಅಲ್ಲ, ಜೀವದ ಪ್ರಶ್ನೆ.

4. ಮಾತು, ಧಾಟಿ (ಜನವರಿ ಪೂರ್ತಿ)

ಇಲ್ಲೇ ಹೆಚ್ಚು ದಿನ ಸಿಕ್ಕಿಬಿದ್ದದ್ದು.

ಬ್ಯಾಂಡಿನ ಅಭ್ಯಾಸದಂತೆ ಮೊದಲು ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಕಟ್ಟಿದೆ. ಇ ಮೈನರ್ ಶ್ರುತಿ, ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು), ಚೆನ್ನಾಗಿಯೇ ಇತ್ತು. ಅದರ ಮೇಲೆ ಮಾತು ತುಂಬಲು ಹೋದೆ. ಮೊದಲ ಸಾಲು "ಬಿಸಿಲು ಬಿದ್ದು ಬಣ್ಣ ಹೋಗಿ". ರಿಫ್‌ನಲ್ಲಿ ಎರಡನೇ ಸ್ವರ ಉದ್ದ. ಹಾಡಿದರೆ "ಬಿಸೀಲು" ಅಂತ ಕೇಳುತ್ತಿತ್ತು. ಬಿಸಿಲಿನ ಮೂರೂ ಅಕ್ಷರ ಗಿಡ್ಡ. ಒಂದನ್ನು ಎಳೆದರೂ ಅದು ನಮ್ಮ ಬಿಸಿಲಾಗಿ ಉಳಿಯೋದಿಲ್ಲ. ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡ ಮಾತು ಹೊಂದಿಸುವಾಗ ನಾನು ವರ್ಷಗಟ್ಟಲೆ ಇದನ್ನೇ ಮಾಡಿದ್ದೆ. ಯಾರೂ ಹೇಳಿರಲಿಲ್ಲ, ನನಗೂ ಕೇಳಿಸಿರಲಿಲ್ಲ. ಮುಂದೆ ನಿಂತು ಸೋಲೋ ನುಡಿಸುವವನಿಗೆ ಮಾತು ಯಾಕೆ ಕೇಳಿಸೀತು?

ಹದಿನಾರು ದಿನ ಅದೇ ರಿಫ್ ಹಿಡಿದುಕೊಂಡು ಮಾತು ಬದಲಿಸಿದೆ. ಸರಿಹೋಗಲಿಲ್ಲ. ಜನವರಿ 19ರಂದು ಗಿಟಾರ್ ಕೆಳಗಿಟ್ಟು, ಬರೀ ಮಾತನ್ನು ಮಾತಾಡಿದ ಹಾಗೆಯೇ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿಕೊಂಡೆ. ಮತ್ತೆ ಮತ್ತೆ ಕೇಳಿದೆ. ಎಲ್ಲಿ ನಾಲಿಗೆ ತಾನಾಗಿ ನಿಲ್ಲುತ್ತದೆ, ಎಲ್ಲಿ ಓಡುತ್ತದೆ ಅಂತ ಪೆನ್ಸಿಲ್‌ನಲ್ಲಿ ಗೆರೆ ಹಾಕಿದೆ. ಆ ಗೆರೆಯ ಮೇಲೆ ಧಾಟಿ ಕೂರಿಸಿದೆ. ಎರಡು ಸಂಜೆಗೆ ಪಲ್ಲವಿ ಆಯಿತು, ಇನ್ನು ಮೂರು ದಿನಕ್ಕೆ ಎರಡೂ ಚರಣ. ರಿಫ್ ಪೂರ್ತಿ ಬಿದ್ದುಹೋಯಿತು. ಅದರ ಒಂದೇ ಒಂದು ಬಾರ್ ಹಾಡಿನ ಶುರುವಿನಲ್ಲಿ ಉಳಿದಿದೆ.

ಎರಡನೇ ಚರಣದ ಸಾಲು ಹೀಗೆ: "ಆರು ಗಾಲಿ ಮಣ್ಣಲಿ ಹೂತು, ಕೆಂಪು ಧೂಳು ಮೈಯೆಲ್ಲ ಕೂತು". "ಆ" ಮೇಲೆ ಎರಡು ಬೀಟ್ ಎಳೆಯುವ ಹಾಗೆ ಧಾಟಿ ಮಾಡಿದೆ. ಈ ಸಾಲಿನ ಬಗ್ಗೆ ಮುಂದೆ ಹೇಳುತ್ತೇನೆ.

5. ಹಲಗೆ (ಫೆಬ್ರವರಿ 8, 9, 16)

ಡ್ರಮ್ ಸೆಟ್ಟನ್ನು ಈ ರೂಮಿನಲ್ಲಿ ರೆಕಾರ್ಡ್ ಮಾಡಲು ಆಗೋದಿಲ್ಲ. ಕಂಪ್ಯೂಟರ್‌ನಲ್ಲೇ ಡ್ರಮ್ಸ್ ಬರೆದೆ. ಸರಿಯಾಗಿತ್ತು, ಆದರೆ ಹಾಡಿಗೆ ಅಂಟಲಿಲ್ಲ. ಧಾಟಿ ಈಗ ಮಾತಿನ ನಡೆಯದ್ದು, ಡ್ರಮ್ಸ್ ಹಳೇ ರಿಫ್‌ನ ನಡೆಯದ್ದು. ಹಿಂದಿನ ಓಣಿಯಲ್ಲಿ ಹಲಗೆ ಬಾರಿಸುವ ಕಾಕಾ ಇದ್ದಾರೆ. ಜಾತ್ರೆ, ಮೊಹರಂ, ಮದುವೆ ಎಲ್ಲಕ್ಕೂ ಅವರೇ. ಹೋಗಿ ಕೇಳಿದೆ, ಬಂದರು.

ರೂಮಿನೊಳಗೆ ಬಾರಿಸಿದರೆ ಮೀಟರ್ ಕೆಂಪಿಗೆ ಹೋಗಿ ದನಿ ಒಡೆಯಿತು. ಮೈಕ್ ಗೇನ್ ಪೂರ್ತಿ ಇಳಿಸಿದರೂ ಅಷ್ಟೇ. ಸರಿ, ಬೆಳಗಿನ ಐದಕ್ಕೆ ಮಾಳಿಗೆ ಮೇಲೇ ಕೂತೆವು. ಡೈನಾಮಿಕ್ ಮೈಕನ್ನು ನಾಲ್ಕು ಅಡಿ ದೂರ, ಹಲಗೆಯ ನಡುವಿಗಲ್ಲ, ಅಂಚಿಗೆ ತೋರಿಸಿ ಇಟ್ಟೆ. ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 12 ಡಿಬಿ (ದನಿಯ ಮಟ್ಟದ ಅಳತೆ) ದಾಟದ ಹಾಗೆ ನೋಡಿಕೊಂಡೆ. ಹಿಂದೆ ನೀರಿನ ಟ್ಯಾಂಕಿಗೆ ಒಂದು ಕೌದಿ.

ಕಾಕಾಗೆ ಹೆಡ್‌ಫೋನಿನಲ್ಲಿ ಕ್ಲಿಕ್ ಕೊಟ್ಟೆ, ಅಂದರೆ ತಾಳ ತಪ್ಪದಿರಲು ಕಂಪ್ಯೂಟರ್ ಹಾಕುವ ಟಿಕ್ ಟಿಕ್ ಸದ್ದು. ಎರಡು ನಿಮಿಷಕ್ಕೆ ತೆಗೆದಿಟ್ಟರು. "ತಮ್ಮಾ, ಈ ಟಿಕ್ ಟಿಕ್ ನನಗ ಬ್ಯಾಡ. ನೀ ಬಾಯಲ್ಲಿ ಹಾಡು, ನಾ ಬಾರಿಸ್ತೀನಿ." ಹಾಗೇ ಮಾಡಿದೆವು. ನಾನು ಹೆಡ್‌ಫೋನಿನಲ್ಲಿ ನಿಮಿಷಕ್ಕೆ 92 ಬಡಿತದ ಕ್ಲಿಕ್ ಕೇಳುತ್ತ ಮೆಲ್ಲಗೆ ಹಾಡಿದೆ, ಅವರು ನನ್ನ ಬಾಯಿ ನೋಡುತ್ತ ಬಾರಿಸಿದರು. ಅದು ಕೆಲಸ ಮಾಡಿತು.

ಕೆಟ್ಟದ್ದು ಬೇರೆ ಕಡೆ. ಶುರು ಮಾಡುವ ಮುಂಚೆ ಕಾಕಾ ಹಳೇ ಪೇಪರ್ ಉರಿಸಿ ಹಲಗೆಯನ್ನು ಬೆಂಕಿಯ ಮೇಲೆ ಆಡಿಸಿದರು. ಬೆರಳಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು, ಮತ್ತೆ ಬೆಂಕಿಗೆ. ಮೂರನೇ ಸಲಕ್ಕೆ ಚರ್ಮ ಠಣ್ ಅಂದಿತು. ಆಮೇಲೆ ಒಂದಾದ ಮೇಲೊಂದು ಒಂಬತ್ತು ಟೇಕ್ ತೆಗೆದೆ. ಚೆನ್ನಾಗಿದ್ದ ತುಂಡುಗಳನ್ನು ಆಮೇಲೆ ಕತ್ತರಿಸಿ ಜೋಡಿಸಿದರಾಯಿತು ಅನ್ನೋದು ನನ್ನ ಲೆಕ್ಕ. ಸಂಜೆ ಕೂತು ಜೋಡಿಸಿದರೆ, ಮೊದಲ ಟೇಕಿಗೂ ಒಂಬತ್ತನೆಯದಕ್ಕೂ ಹಲಗೆಯ ದನಿ ಒಂದು ಸ್ವರದಷ್ಟು ಇಳಿದಿತ್ತು. ಬೆಳಗಿನ ತಂಪಿಗೆ ಚರ್ಮ ಸಡಿಲವಾಗುತ್ತ ಬಂದಿತ್ತು. ಯಾವ ತುಂಡನ್ನೂ ಇನ್ನೊಂದಕ್ಕೆ ಸೇರಿಸಲು ಆಗಲಿಲ್ಲ. ಕಾಕಾ ಐದನೇ ಟೇಕಿಗೇ "ಕಾಸಬೇಕು" ಅಂದಿದ್ದರು. ನಾನು "ಇನ್ನೊಂದು ತೆಗೆದುಬಿಡೋಣ ಕಾಕಾ" ಅಂದೆ. ಅವರ ವಾದ್ಯದ ಬಗ್ಗೆ ಅವರು ಹೇಳಿದ್ದನ್ನು ನಾನು ಕೇಳಲಿಲ್ಲ. ಆ ದಿನದ ಕೆಲಸ ಪೂರ್ತಿ ಹೋಯಿತು.

16ರಂದು ಮತ್ತೆ ಕರೆದೆ. ಈ ಸಲ ಪ್ರತಿ ಎರಡು ಟೇಕಿಗೆ ಒಮ್ಮೆ ಬೆಂಕಿ. ಯಾವಾಗ ಕಾಸಬೇಕು ಅನ್ನೋದು ಕಾಕಾ ತೀರ್ಮಾನ. ನಾಲ್ಕು ಟೇಕ್ ತೆಗೆದು ಮೂರನೆಯದನ್ನು ಕತ್ತರಿಸದೆ ಹಾಗೇ ಇಟ್ಟುಕೊಂಡೆ. ಎರಡೂ ಬೆಳಗಿಗೆ ಸೇರಿಸಿ 3,000 ಕೊಟ್ಟೆ.

6. ಅಕ್ಕನ ದನಿ (ಮಾರ್ಚ್ 2, 9)

ಹಾಡಿದ್ದು ದೊಡ್ಡಪ್ಪನ ಮಗಳು. ಸೋಬಾನೆ ಹಾಡುತ್ತಾಳೆ, ಭಜನೆಯಲ್ಲಿ ಹಾಡುತ್ತಾಳೆ. ಮೈಕ್ ಮುಂದೆ ಇದೇ ಮೊದಲು. ನಾನು ಇ ಮೈನರ್‌ನಲ್ಲಿ ಬರೆದಿದ್ದೆ, ಕಾರಣ ಗಿಟಾರಿಗೆ ಅದು ಸುಲಭ. ಅಕ್ಕನಿಗೆ ಕೆಳಗಿನ ಸ್ವರ ಸಿಗುತ್ತಿರಲಿಲ್ಲ. ಗಿಟಾರಿನ ಮೂರನೇ ಫ್ರೆಟ್ಟಿಗೆ ಕೇಪೋ, ಅಂದರೆ ತಂತಿ ಒತ್ತಿಹಿಡಿಯುವ ಕ್ಲಿಪ್, ಹಾಕಿ ಸ್ವರ ಏರಿಸಿ ಜಿ ಮೈನರ್ ಮಾಡಿದೆವು, ದನಿ ಅರಳಿತು. ಧಾಟಿ ಬರೆಯುವಾಗಲೇ ಹಾಡುವವರನ್ನು ಕೂರಿಸಿಕೊಂಡಿದ್ದರೆ ಹಾಡುವವರಿಗೆ ದಾರಿ ತೋರಲು ಆಗಲೇ ಮಾಡಿಟ್ಟಿದ್ದ ಗೈಡ್ ಗಿಟಾರ್ ಮತ್ತೆ ನುಡಿಸಬೇಕಿರಲಿಲ್ಲ.

ಮೊದಲ ದಿನ ಅವಳು ಒಂದು ಕಿವಿಯ ಹೆಡ್‌ಫೋನ್ ತೆಗೆದು ಹಾಡಿದಳು. ಆ ಕಡೆಯಿಂದ ಕ್ಲಿಕ್ ಹೊರಗೆ ಬಂದು ಮೈಕಿಗೆ ಹತ್ತಿತು. ಮೆಲ್ಲಗೆ ಹಾಡುವ ಕಡೆಯೆಲ್ಲ ಟಿಕ್ ಟಿಕ್. ಎರಡನೇ ಸಲ ಕ್ಲಿಕ್ ತೆಗೆದು ಹಲಗೆ ಮತ್ತು ಗೈಡ್ ಗಿಟಾರ್ ಮಾತ್ರ ಕೊಟ್ಟೆ. ಫ್ಯಾನ್ ಆರಿಸಿದ್ದರಿಂದ ಮಾರ್ಚ್‌ನಲ್ಲೇ ರೂಮು ಕುಲುಮೆಯಾಗಿತ್ತು. ಎರಡು ಟೇಕ್, ಹತ್ತು ನಿಮಿಷ ಹೊರಗೆ, ಮಜ್ಜಿಗೆ, ಮತ್ತೆ ಎರಡು ಟೇಕ್. ಐದನೆಯದು ಸಿಕ್ಕಿತು. ದುಡ್ಡು ಬೇಡ ಅಂದಳು.

7. ಗಿಟಾರ್ (ಮಾರ್ಚ್ 15ರಿಂದ 31)

ನನಗೆ ಸಲೀಸಾದ ಕೆಲಸ ಅಂದುಕೊಂಡಿದ್ದೆ. ಅತಿ ಹೆಚ್ಚು ಹಾಳು ಮಾಡಿದ್ದು ಇಲ್ಲೇ.

ಇಂಗ್ಲೆಂಡಿನ ಹಳೇ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್‌ನ ಜಿಮ್ಮಿ ಪೇಜ್ ತಮ್ಮ ಬ್ಯಾಂಡಿನ ಗಿಟಾರ್ ವಾದಕರೂ ಆಗಿದ್ದರು, ರೆಕಾರ್ಡಿಂಗ್ ನಡೆಸುವ ಪ್ರೊಡ್ಯೂಸರ್ ಕೂಡ. ಅದಕ್ಕೂ ಮುಂಚೆ ಲಂಡನ್‌ನ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡಿಗೆ ನುಡಿಸಿ ಕೆಲಸ ಕಲಿತವರು. ಮೈಕನ್ನು ದೂರ ಇಟ್ಟು ಕೋಣೆಯ ಗಾಳಿಯನ್ನೂ ಹಿಡಿಯುವ ಅವರ ರೀತಿ ಹೆಸರುವಾಸಿ. ನಾನೂ ಆಂಪ್‌ನಿಂದ ಆರು ಅಡಿ ದೂರ ಮೈಕ್ ಇಟ್ಟೆ. ಡಬ್ಬಿಯೊಳಗಿಂದ ಬಂದಂತೆ ಕೇಳಿತು. ಅವರದ್ದು ದೊಡ್ಡ ಕೋಣೆ, ನನ್ನದು 12 ಅಡಿ. ಕೊನೆಗೆ ಆಂಪ್ ಬಟ್ಟೆಯಿಂದ ಎರಡು ಇಂಚು ದೂರ, ಸ್ಪೀಕರಿನ ನಡುವಿನಿಂದ ಒಂದೂವರೆ ಇಂಚು ಪಕ್ಕಕ್ಕೆ ಇಟ್ಟಾಗ ಸರಿಯಾಯಿತು.

ಆಮೇಲೆ ನುಡಿಸಿದ್ದೇ ನುಡಿಸಿದ್ದು. ಎಡಕ್ಕೊಂದು, ಬಲಕ್ಕೊಂದು, ಅಕ್ಕನ ಪ್ರತಿ ಸಾಲಿನ ಕೊನೆಗೊಂದು ತುಂಡು, ನಡುವೆ 16 ಬಾರ್ ಸೋಲೋ, ಅದಕ್ಕೆ ಜೋಡಿ ಸೋಲೋ. ಒಟ್ಟು ಹನ್ನೊಂದು ಟ್ರ್ಯಾಕ್. ಒಂದೊಂದೂ ಚೆನ್ನಾಗಿತ್ತು. ಎಲ್ಲ ಸೇರಿದಾಗ ಹಲಗೆ ಕಾಣೆ, ಅಕ್ಕನ ಮಾತು ಕಾಣೆ. ಮೂರು ದಿನ ಅಕ್ಕನ ದನಿಯನ್ನೇ ಏರಿಸುತ್ತ ಹೋದೆ. ಏರಿಸಿದಷ್ಟೂ ಕಿರುಚಿದ ಹಾಗಾಯಿತು.

ಮಾರ್ಚ್ 30, ರಾತ್ರಿ. ಹನ್ನೊಂದನ್ನೂ ಮ್ಯೂಟ್ ಮಾಡಿ ಹಾಡು ಮೊದಲಿನಿಂದ ಕೇಳಿದೆ. ಬರೀ ಹಲಗೆ, ದನಿ, ಬೇಸ್. "ಹೂತು" ಅಂದ ಮೇಲೆ ಅಕ್ಕ ಉಸಿರು ಎಳೆದುಕೊಳ್ಳುವ ಸದ್ದು ಕೇಳಿಸಿತು. ಅಷ್ಟು ದಿನ ಅದರ ಮೇಲೆ ನಾನು ಒಂದು ಲೀಡ್ ತುಂಡು ನುಡಿಸಿ ಮುಚ್ಚಿಟ್ಟಿದ್ದೆ. ಆ ಉಸಿರು ಆ ಸಾಲಿಗೆ ಬೇಕೇ ಬೇಕು. ಲಾರಿ ನಿಂತ ಮೇಲೆ ಮನೆಯಲ್ಲಿ ಮಾತೇ ಇಲ್ಲದ ಸಂಜೆಗಳಿದ್ದವು ಅಲ್ವಾ, ಅದು ಅಲ್ಲಿತ್ತು.

ಒಂದೊಂದೇ ಟ್ರ್ಯಾಕ್ ತೆರೆದು, ಇದಿಲ್ಲದೆ ಹಾಡು ಬೀಳುತ್ತದಾ ಅಂತ ಕೇಳಿಕೊಂಡೆ. ಎರಡು ಉಳಿದವು. ಸೋಲೋ ಹೋಯಿತು. ನನ್ನ ಕೈಗೆ ಅದು ತುಂಬ ಇಷ್ಟದ್ದು, ಅದನ್ನು ಅಳಿಸುವಾಗ ನಿಜವಾಗಿಯೂ ಸಂಕಟವಾಯಿತು. ಆ 16 ಬಾರ್ ಜಾಗದಲ್ಲಿ ಈಗ ಹಲಗೆ ಒಂದೇ ನಡೆಯುತ್ತದೆ.

8. ಮಿಕ್ಸ್ (ಏಪ್ರಿಲ್)

ಮಿಕ್ಸ್ ಅಂದರೆ ಎಲ್ಲ ಟ್ರ್ಯಾಕ್‌ಗಳನ್ನು ಹದವಾಗಿ ಸೇರಿಸೋದು. ರೂಮಿನಲ್ಲಿ ಬೇಸ್‌ನ ಜಿ ಸ್ವರ ಹೊಟ್ಟೆಗೆ ಗುದ್ದುವಷ್ಟು ಜೋರು. ಜಾಸ್ತಿಯಾಯಿತು ಅಂತ ಇಳಿಸಿದೆ. ಫೋನಿನಲ್ಲಿ, ಗೆಳೆಯನ ಆಟೋದಲ್ಲಿ ಹಾಕಿ ಕೇಳಿದರೆ ಬೇಸೇ ಇಲ್ಲ. ತಿರುಗಿ ಏರಿಸಿದೆ, ಇಳಿಸಿದೆ, ಆರು ಸಲ. ಆಮೇಲೆ ಗೊತ್ತಾಯಿತು, 12 ಅಡಿ ಉದ್ದದ ರೂಮು 47 ಹರ್ಟ್ಜ್ ಸುತ್ತಮುತ್ತಲ ದನಿಯನ್ನು ಊದಿಸುತ್ತದೆ. ಬೇಸ್‌ನ ಕೆಳಗಿನ ಜಿ 49 ಹರ್ಟ್ಜ್. ಹಾಡಿನ ಮುಖ್ಯ ಸ್ವರವೇ ಅದು. ಮೇಜನ್ನು ಗೋಡೆಯಿಂದ ನಾಲ್ಕೂವರೆ ಅಡಿ ಮುಂದೆ ತಂದೆ, ಎರಡು ಜೀನ್ಸ್ ಚೌಕಟ್ಟನ್ನು ಹಿಂದಿನ ಮೂಲೆಗೆ ಅಡ್ಡ ನಿಲ್ಲಿಸಿದೆ. ಪೂರ್ತಿ ಹೋಗಲಿಲ್ಲ. ಬೇಸ್ ಮಟ್ಟವನ್ನು ಹೆಡ್‌ಫೋನಿನಲ್ಲೇ ತೀರ್ಮಾನ ಮಾಡಿದೆ.

ಗಿಟಾರಿನಲ್ಲಿ 280 ಹರ್ಟ್ಜ್ ಹತ್ತಿರ 3 ಡಿಬಿ ಇಳಿಸಿದ್ದಕ್ಕೆ ಅಕ್ಕನ ದನಿ ಏರಿಸದೆಯೇ ಮುಂದೆ ಬಂತು. ಮೊದಲ ಮಾಸ್ಟರ್, ಅಂದರೆ ಹಾಡಿನ ಕೊನೆಯ ಪ್ರತಿ, ಮೈನಸ್ 8 ಲಫ್ಸ್‌ವರೆಗೆ (ಹಾಡು ಒಟ್ಟಾರೆ ಎಷ್ಟು ಜೋರು ಅನ್ನೋ ಅಳತೆ) ಹಿಂಡಿದ್ದೆ. ಹಲಗೆಯ ಪೆಟ್ಟು ಚಪ್ಪಟೆಯಾಯಿತು. ಈಗ ಮೈನಸ್ 13 ಲಫ್ಸ್, ಅತಿ ಜೋರಿನ ಪೆಟ್ಟು ಮೈನಸ್ 1 ಡಿಬಿ.

9. ಕಾಗದ (ಮೇ 1)

ಬ್ಯಾಂಡಿನಲ್ಲಿ ಯಾವ ಟ್ಯೂನ್ ಯಾರದ್ದು ಅಂತ ಬರೆದಿಡಲಿಲ್ಲ. ಹಾಗಾಗಿ ಇವತ್ತು ಅವುಗಳಲ್ಲಿ ಒಂದನ್ನೂ ನಾನು ಧೈರ್ಯವಾಗಿ ಬಳಸಲಾರೆ. ಈ ಸಲ ಒಂದು ಹಾಳೆಯಲ್ಲಿ ಮಾತು, ಧಾಟಿ, ಹಲಗೆ, ದನಿ ಯಾರದ್ದು, ಹಾಡಿನಿಂದ ಏನಾದರೂ ಬಂದರೆ ಯಾರಿಗೆ ಎಷ್ಟು ಅಂತ ಬರೆದು ಮೂವರೂ ಸಹಿ ಮಾಡಿದೆವು. ಕಾಕಾ ಹೆಸರು ಹಾಡಿನ ಹೆಸರಿನ ಕೆಳಗೇ ಬರುತ್ತದೆ. 2012ರ ಕಾಪಿರೈಟ್ ತಿದ್ದುಪಡಿ ಆದಮೇಲೆ ಮಾತು ಬರೆದವರು, ಸಂಗೀತ ಮಾಡಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ. ಆದರೆ ಯಾರು ಬರೆದರು ಅನ್ನೋದಕ್ಕೆ ಕಾಗದ ಇರಬೇಕಲ್ಲ.

ಖರ್ಚು ಒಟ್ಟು: ಸಾಮಾನು 24,000, ಚೌಕಟ್ಟು 4,918, ಮೊಟ್ಟೆ ಟ್ರೇ 600, ಅರ್ಥಿಂಗ್ 4,200, ಹಲಗೆ 3,000. ಸೇರಿ 36,718. ಆಂಪ್ ಮಾರಿದ್ದು ಕಳೆದರೆ ಕೈಯಿಂದ ಹೋದದ್ದು 25,218.

10. ಅಪ್ಪ ಕೇಳಿದ್ದು (ಮೇ 4)

ಹೆಡ್‌ಫೋನ್ ಹಾಕಿ ಕೂರಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ತೆಗೆದಿಟ್ಟು, "ಆರು ಗಾಲಿದು ಅದಕ್ಕಿಂತ ಮುಂಚಿನ ಗಾಡಿಯಪ್ಪಾ. ಇಲ್ಲಿ ನಿಂತಿದ್ದು ಹತ್ತು ಗಾಲಿದು" ಅಂದರು.

ನನಗೂ ಗೊತ್ತಿತ್ತು. ಆ ಚಕ್ರಗಳನ್ನು ದಿನಾ ನೋಡಿದವನು ನಾನು. ಬರೆಯುವಾಗ "ಆ" ಎಳೆಯಲು ಚೆನ್ನಾಗಿದೆ ಅಂತ ಆರು ಮಾಡಿದ್ದೆ. ಬಿಸಿಲನ್ನು ಎಳೆಯಬಾರದು ಅಂತ ಹದಿನಾರು ದಿನ ಒದ್ದಾಡಿದವನು, ಇಲ್ಲಿ ಎಳೆಯೋದಕ್ಕಾಗಿ ಲಾರಿಯನ್ನೇ ಬದಲಿಸಿದ್ದೆ.

"ಹತ್ತು" ಅಂದರೆ ಎಳೆಯಲು ಬರುವುದಿಲ್ಲ, "ಹ" ಹತ್ತಿದ ಕೂಡಲೇ ನಾಲಿಗೆ ತಕಾರಕ್ಕೆ ಬಡಿಯುತ್ತದೆ. ಎಳೆತವನ್ನು "ಗಾಲಿ"ಯ "ಗಾ" ಮೇಲೆ ತಂದಿದ್ದೇನೆ. ಹಲಗೆ ಹಾಗೇ ಹೊಂದುತ್ತದೆ, ಗಿಟಾರಿನ ಎರಡು ಬಾರ್ ಮತ್ತೆ ನುಡಿಸಬೇಕು. ಭಾನುವಾರ ಬೆಳಗ್ಗೆ ಐದಕ್ಕೆ ಅಕ್ಕ ಬರುತ್ತಾಳೆ. ಮೈಕ್ ಅದೇ ಜಾಗದಲ್ಲಿ ನಿಲ್ಲಲಿ ಅಂತ ನೆಲಕ್ಕೆ ಟೇಪ್ ಅಂಟಿಸಿಟ್ಟಿದ್ದೇನೆ.